ಬೆಮರ್ಟನ್ನಿನ ಪಾದ್ರಿಮನೆ

ಇಂಗ್ಲೆಂಡಿನ ಸಾಲ್ಸ್‌ಬರಿಗೆ ಬಂದವರೆಲ್ಲ 123 ಮೀಟರ್ ಎತ್ತರದ ಕೆಥೆಡ್ರಲ್ ಗೋಪುರವನ್ನು ಕತ್ತೆತ್ತಿ ನೋಡುತ್ತಾರೆ. ನಾವೂ ನೋಡಿದೆವು. ಆದರೆ ನನ್ನ ಮನಸ್ಸಿದ್ದದ್ದು ಪಶ್ಚಿಮಕ್ಕೆ ಸುಮಾರು ಎರಡು ಕಿಲೋಮೀಟರ್ ದೂರದ ಬೆಮರ್ಟನ್ನಿನಲ್ಲಿ. ಕವಿ ಜಾರ್ಜ್ ಹರ್ಬರ್ಟ್ ಪಾದ್ರಿಯಾಗಿದ್ದ ಊರು ಅದು. ಕೆಥೆಡ್ರಲ್‌ನ ಸಂಗೀತ ಕೇಳಲು ಆತ ವಾರಕ್ಕೆರಡು ಸಲ ಅಲ್ಲಿಂದ ನಡೆದೇ ಬರುತ್ತಿದ್ದನಂತೆ. ನಾವೂ ನಡೆದೇ ಹೋದೆವು.

ರಸ್ತೆಯ ಒಂದು ಮಗ್ಗುಲಿಗೆ ಸೇಂಟ್ ಆಂಡ್ರ್ಯೂ ಚರ್ಚ್. ನಮ್ಮ ಹಳ್ಳಿಮನೆಗಳ ಪಡಸಾಲೆಯ ಹಾಗೆ ಪುಟ್ಟದು. ಎದುರಿಗೇ ಹಳೆಯ ರೆಕ್ಟರಿ, ಅಂದರೆ ಪಾದ್ರಿಯ ಮನೆ. ಅದರ ಹಿತ್ತಲು ನಾಡರ್ ಹೊಳೆಯವರೆಗೂ ಇಳಿಯುತ್ತದೆ. ಇದು ಸುಣ್ಣಕಲ್ಲಿನ ಸೀಮೆ. ನೆಲ ಅಗೆದರೆ ಚಕಮಕಿ ಕಲ್ಲಿನ ಉಂಡೆಗಳು ಸಿಗುತ್ತವೆ. ಗಟ್ಟಿ ಕಲ್ಲೇನೋ ಹೌದು, ಆದರೆ ಅದರಲ್ಲಿ ನೇರವಾದ ಮೂಲೆ ತೆಗೆಯಲಾಗದು. ಹಾಗಾಗಿ ಇಲ್ಲಿನ ಗೋಡೆಗಳಿಗೆ ಚಕಮಕಿ, ಮೂಲೆಗೂ ಕಿಟಕಿಯ ಚೌಕಟ್ಟಿಗೂ ಕಡೆದ ಕಲ್ಲು. ಆ ಕಪ್ಪು-ಬಿಳಿ ಮೈಯನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ ತಿಳಿಯಲಿಲ್ಲ. ಮಣ್ಣು ಕೊಟ್ಟದ್ದನ್ನೇ ನಂಬಿ ಕಟ್ಟಿದ ಗೋಡೆಗೆ ಬರುವ ಚೆಲುವೇ ಬೇರೆ.

1630ರಲ್ಲಿ ಹರ್ಬರ್ಟ್ ಬಂದಾಗ ಮನೆ ಪಾಳು ಬಿದ್ದಿತ್ತು, ಹಿಂದಿನ ಪಾದ್ರಿ ಬೇರೆಡೆ ಇದ್ದುದರಿಂದ. ಇವನು ಕೈಯಿಂದ ಹಣ ಹಾಕಿ ಹೆಚ್ಚಿನ ಭಾಗವನ್ನು ಮತ್ತೆ ಕಟ್ಟಿಸಿದ. ಹಜಾರದ ಅಗ್ಗಿಷ್ಟಿಕೆಯ ಮೇಲೆ, ಮುಂದೆ ಬರುವ ಪಾದ್ರಿಗೆಂದು ಕೆಲವು ಸಾಲು ಕೆತ್ತಿಸಿದ ಎಂದು 1670ರಲ್ಲಿ ಅವನ ಜೀವನಚರಿತ್ರೆ ಬರೆದ ಐಸಾಕ್ ವಾಲ್ಟನ್ ದಾಖಲಿಸಿದ್ದಾನೆ. ನಿನ್ನ ಖರ್ಚಿಲ್ಲದೆ ಮನಸ್ಸಿಗೊಪ್ಪುವ ಹೊಸ ಮನೆ ಸಿಕ್ಕಿದರೆ ಬಡವರಿಗೆ ಒಳ್ಳೆಯದು ಮಾಡು, ಆಗ ನನ್ನ ಶ್ರಮ ವ್ಯರ್ಥವಾಗದು ಎಂಬುದು ಅದರ ಸಾರ. ಮೂರೇ ವರ್ಷಕ್ಕೆ, ನಲವತ್ತು ತುಂಬುವ ಮೊದಲೇ, ಆತ ತೀರಿಕೊಂಡ.

ರೆಕ್ಟರ್‌ಗೆ, ಅಂದರೆ ಊರಿನ ಪಾದ್ರಿಗೆ, ಅಲ್ಲಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು ಸಲ್ಲುತ್ತಿದ್ದ ಕಾಲದಲ್ಲಿ ಇಂಥ ದೊಡ್ಡ ಮನೆಗಳು ಎದ್ದವು. ಇಪ್ಪತ್ತನೇ ಶತಮಾನದಲ್ಲಿ ಅವನ್ನು ಬೆಚ್ಚಗಿಡುವುದೇ ಪಾದ್ರಿಗಳಿಗೆ ಹೊರೆಯಾಗಿ, ಇಂಗ್ಲೆಂಡಿನುದ್ದಕ್ಕೂ ಚರ್ಚ್ ಒಂದೊಂದಾಗಿ ಮಾರಿತು. ಈ ಮನೆಯನ್ನು ಕೊಂಡವರು ನಮ್ಮ ದೇಶದ ಲೇಖಕ ವಿಕ್ರಮ್ ಸೇಠ್! ಖಾಸಗಿ ಮನೆ, ಒಳಗೆ ಪ್ರವೇಶವಿಲ್ಲ. ಅದರಿಂದ ನನಗೆ ಬೇಸರವಾಗಲಿಲ್ಲ. ಹರ್ಬರ್ಟ್ ಬರೆಸಿದ್ದು ಅಲ್ಲಿ ಬದುಕಲು ಬರುವವರಿಗೆ, ನನ್ನಂತೆ ನೋಡಿಹೋಗುವವರಿಗಲ್ಲ.