ಶಕವರ್ಷ 1080 ಅಂದರೆ ಕ್ರಿ.ಶ. 1080 ಅಲ್ಲ

"ಸಾವಿರ ವರ್ಷ ಹಳೆಯ ಶಾಸನ ಪತ್ತೆ" ಎಂಬ ತಲೆಬರಹ ಜಿಲ್ಲಾ ಪುಟಗಳಲ್ಲಿ ಆಗಾಗ ಕಾಣುತ್ತದೆ. ಶಾಸನ ಓದುವ ಕೆಲಸದಲ್ಲಿರುವವರಿಗೆ ಅಲ್ಲಿ ಸಾವಿರ ವರ್ಷವೂ ಅನುಮಾನ, ಪತ್ತೆಯೂ ಅನುಮಾನ. ಸಂಶೋಧಕ ಹೇಳಿದ್ದೇ ಬೇರೆ, ಅಚ್ಚಾಗಿದ್ದೇ ಬೇರೆ. ಮರುದಿನ ಬೈಗುಳ ಕೇಳುವವನು ಮಾತ್ರ ಸಂಶೋಧಕ.

ಹೆಚ್ಚಿನ ಎಡವಟ್ಟು ಆಗುವುದು ಇಸವಿಯಲ್ಲಿ. ಕಲ್ಲಿನಲ್ಲಿ "ಸಕವರ್ಷ 1080ನೆಯ ಬಹುಧಾನ್ಯ ಸಂವತ್ಸರ" ಎಂದಿದ್ದರೆ ಅದು ಕ್ರಿ.ಶ. 1158. ಶಕವರ್ಷಕ್ಕೆ 78 ಕೂಡಿಸಬೇಕು. ತಿಥಿ ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ 79. ಮಾಘ, ಫಾಲ್ಗುಣದ ದಾನಗಳಲ್ಲಿ ಈ ಒಂದು ವರ್ಷ ಸುಲಭವಾಗಿ ತಪ್ಪುತ್ತದೆ. ವರದಿಗಾರ 1080 ಅನ್ನು ಹಾಗೇ ಎತ್ತಿಕೊಂಡರೆ ಹೊಯ್ಸಳ ಒಂದನೆಯ ನರಸಿಂಹನ ಕಾಲದ ದಾನ ಅವನ ಮುತ್ತಜ್ಜ ವಿನಯಾದಿತ್ಯನ ಕಾಲಕ್ಕೆ ಜಾರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರದ ಹೆಸರನ್ನು ತಾಳೆ ನೋಡಿದರೆ ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ: ಕ್ರಿ.ಶ. 1080 ರೌದ್ರಿ ಸಂವತ್ಸರ, ಬಹುಧಾನ್ಯ ಅಲ್ಲ. "ಚಾಲುಕ್ಯ ವಿಕ್ರಮ ವರ್ಷ 37" ಎಂದಿದ್ದರೆ, ಅದು ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಆರಂಭಿಸಿದ ಎಣಿಕೆ, 1075 ಕೂಡಿಸಿ, ಕ್ರಿ.ಶ. 1112. ಅದನ್ನು ಉತ್ತರದ, ಅದಕ್ಕಿಂತ ಬಹಳ ಹಳೆಯ ವಿಕ್ರಮ ಶಕೆ ಎಂದುಕೊಂಡರಂತೂ ಮುಗಿಯಿತು, ಕಲ್ಲು ನೇರ ಕ್ರಿಸ್ತಪೂರ್ವಕ್ಕೆ!

ತೇದಿಯೇ ಇಲ್ಲದ ಕಲ್ಲಿನ ಕಷ್ಟ ಬೇರೆ. ಲಿಪಿ ನೋಡಿ "ಸುಮಾರು 12ನೆಯ ಶತಮಾನ" ಎಂದರೆ ಅದು ನೂರು ವರ್ಷದ ಅಂದಾಜು. ಪತ್ರಿಕೆಯ ಡೆಸ್ಕಿನಲ್ಲಿ ಜಾಗ ಉಳಿಸಲು "ಸುಮಾರು" ಕತ್ತರಿಸುತ್ತಾರೆ, ಅಂದಾಜು ಇಸವಿಯಾಗುತ್ತದೆ. ಹಲ್ಮಿಡಿ ಶಾಸನದಲ್ಲೂ ಹೀಗೇ. ಪುರಾತತ್ವಜ್ಞ ಎಂ.ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದ ಆ ಕಲ್ಲಿನಲ್ಲಿ ತೇದಿಯಿಲ್ಲ. ಕ್ರಿ.ಶ. 450 ಎಂಬುದು ಲಿಪಿ, ಭಾಷೆ, ರಾಜನ ಹೆಸರು ನೋಡಿ ಹಾಕಿದ ಅಂದಾಜು. ಜನರ ಬಾಯಲ್ಲಿ ಉಳಿದದ್ದು ಬರೀ 450.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ: ಆವರಣ ಚಿಹ್ನೆ. ಸವೆದ ಅಕ್ಷರವನ್ನು ಊಹಿಸಿ ಓದಿದಾಗ ಅದನ್ನು ಚೌಕ ಆವರಣದಲ್ಲಿ ಹಾಕುತ್ತೇವೆ: "ಶ್ರೀ [ವಿಷ್ಣು]ವರ್ಧನ". ಆ ಹೆಸರಿನಲ್ಲಿ ಕಲ್ಲಿನ ಮೇಲೆ ನಿಜವಾಗಿ ಉಳಿದಿರುವುದು "ವರ್ಧನ" ಅಷ್ಟೇ ಎಂದು ಅದರರ್ಥ. ಪತ್ರಿಕೆಯಲ್ಲಿ ಆವರಣ ಹಾರಿಹೋಗಿ "ವಿಷ್ಣುವರ್ಧನನ ಶಾಸನ" ಎಂದು ಬರುತ್ತದೆ. ಸಂಶೋಧಕ ಊಹೆ ಎಂದು ಹೇಳಿದ್ದು ಘೋಷಣೆಯಾಯಿತು. ಇದರ ಜೊತೆಗೆ ಫಾಂಟಿನ ಕಾಟ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ ಕಳಿಸಿದ ಪಾಠ ಯೂನಿಕೋಡಿಗೆ ಹೋಗುವಾಗ ಹಳಗನ್ನಡದ ಱ, ೞ ಅಕ್ಷರಗಳು ಮಾಯವಾಗಬಹುದು, ಒತ್ತಕ್ಷರ ಒಡೆಯಬಹುದು. ಮೂಲಪಾಠವನ್ನು ಯೂನಿಕೋಡಿನಲ್ಲೇ ಬರೆದು, ಜೊತೆಗೆ ಒಂದು ಪಿಡಿಎಫ್ ಕಳಿಸುವುದು ಕ್ಷೇಮ.

ಅಳತೆಯ ಪದಗಳನ್ನೂ ಬಿಡಿಸಿ ಹೇಳಬೇಕು. "ಮತ್ತರು 2 ಕಮ್ಮ 50" ಎಂಬಲ್ಲಿ ಮತ್ತರು, ಕಮ್ಮ ಎರಡೂ ಭೂಮಿಯ ಅಳತೆ. ಕಮ್ಮವನ್ನು ಜಾತಿಯ ಹೆಸರೆಂದು ಓದಿಕೊಂಡರೆ ಊರಲ್ಲಿ ಗಲಾಟೆಗೆ ಅಷ್ಟು ಸಾಕು. "ಬನವಾಸಿ ಪನ್ನಿರ್ಛಾಸಿರ" ಎಂಬ 12000 ನಾಡಿನ ಹೆಸರಿಗೆ ಅಂಟಿದ ಸಂಖ್ಯೆ. ಅದು ಏನನ್ನು ಎಣಿಸುತ್ತದೆ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ, ವರದಿಯಲ್ಲಿ ಮಾತ್ರ "12 ಸಾವಿರ ಹಳ್ಳಿ" ಎಂದು ನಿರಾಳವಾಗಿ ಇಳಿದಿರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಹೊನ್ನಿನ ಸುದ್ದಿ. ನಂದಾದೀವಿಗೆಗೆ, ಅಂದರೆ ದೇವಸ್ಥಾನದಲ್ಲಿ ಸದಾ ಉರಿಯುವ ದೀಪಕ್ಕೆ, "ಗದ್ಯಾಣ 5" ಕೊಟ್ಟರೆಂದರೆ ಐದು ಚಿನ್ನದ ನಾಣ್ಯ ದತ್ತಿ ಇಟ್ಟು, ಅದರ ಬಡ್ಡಿಯಲ್ಲಿ ದೀಪದೆಣ್ಣೆ ನಡೆಯಲಿ ಎಂದು. ಅದು ಯಾವತ್ತೋ ಖರ್ಚಾದ ಹಣ. "ಶಾಸನದಲ್ಲಿ ಚಿನ್ನದ ಉಲ್ಲೇಖ" ಎಂದು ತಲೆಬರಹ ಬಂದರೆ ನಿಧಿಗಳ್ಳರು ಗಡಾರಿ ಹಿಡಿದು ಬರುತ್ತಾರೆ, ಎಂಟುನೂರು ವರ್ಷ ನಿಂತ ಕಲ್ಲು ಒಂದು ರಾತ್ರಿಯಲ್ಲಿ ಎರಡು ತುಂಡು.

"ಪತ್ತೆ" ಎನ್ನುವ ಮೊದಲು ಶಾಸನಪಾಠಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆದು ನೋಡಿ. ಬಿ.ಎಲ್. ರೈಸ್ ಸಂಪಾದಿಸಿದ ಹಳೆಯ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಇದೆ. ಹಾಸನ ಜಿಲ್ಲೆಯದು 5ನೆಯ ಸಂಪುಟ, 1902. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳನ್ನೂ ನೋಡಬೇಕು, ಎರಡರ ಸಂಖ್ಯೆ ಒಂದೇ ಇರುವುದಿಲ್ಲ. ಮೊದಲೇ ಅಚ್ಚಾಗಿದ್ದರೆ "ಮರು ಓದು" ಎಂದೇ ಬಾಯಿಬಿಟ್ಟು ಹೇಳಿ. ಇಲ್ಲಿ ತಪ್ಪು ಎಷ್ಟೋ ಸಲ ನಮ್ಮ ಸಂಶೋಧಕರದೇ, ವರದಿಗಾರನ ಮೇಲೆ ಹಾಕಿ ಪ್ರಯೋಜನವಿಲ್ಲ.

ವರದಿಗಾರನಿಗೆ ಫೋನಿನಲ್ಲಿ ಹೇಳುವುದನ್ನು ಬಿಟ್ಟು ಒಂದು ಪುಟದ ಟಿಪ್ಪಣಿ ಕೊಡುವುದು ಕೆಲಸಕ್ಕೆ ಬರುತ್ತದೆ. ಮೊದಲ ಸಾಲಿನಲ್ಲೇ ಕಾಲ, ಶಕವರ್ಷ ಮತ್ತು ಕ್ರಿ.ಶ. ಎರಡೂ. ಆಮೇಲೆ ಯಾರು, ಯಾರಿಗೆ, ಏನು ಕೊಟ್ಟರು. ಕೊನೆಗೆ "ಈ ಶಾಸನ ಇದನ್ನು ಹೇಳುವುದಿಲ್ಲ" ಎಂಬ ಎರಡು ಸಾಲು: ಇದು ಮೊದಲನೆಯದಲ್ಲ, ನಿಧಿಯ ಮಾತಿಲ್ಲ. ತಲೆಬರಹ ಬರೆಯುವವರು ಕಲ್ಲನ್ನೂ ನೋಡಿರುವುದಿಲ್ಲ, ನಿಮ್ಮನ್ನೂ ನೋಡಿರುವುದಿಲ್ಲ. ಅವರಿಗಾಗಿ ತಲೆಬರಹವನ್ನೂ ನೀವೇ ಬರೆದುಕೊಡಿ. ಚಿತ್ರ ಕೊಡುವಾಗ ಕಡತದ ಹೆಸರಿನಲ್ಲೇ ಊರು, ತಾಲ್ಲೂಕು ಇರಲಿ, ಇಲ್ಲದಿದ್ದರೆ ಬೇರೆ ಯಾವುದೋ ವೀರಗಲ್ಲು ಅಚ್ಚಾಗುತ್ತದೆ. ಅಚ್ಚಿಗೆ ಮೊದಲು ಇಡೀ ವರದಿ ತೋರಿಸಿ ಎಂದರೆ ಯಾರೂ ಒಪ್ಪುವುದಿಲ್ಲ. "ಇಸವಿ, ರಾಜ, ಊರು ಮೂರನ್ನು ಒಮ್ಮೆ ಓದಿಬಿಡಿ" ಎಂದರೆ ಓದುತ್ತಾರೆ.

ತಪ್ಪು ಅಚ್ಚಾದರೆ ಅದೇ ದಿನ ಸಂಪಾದಕರಿಗೆ ಎರಡೇ ವಾಕ್ಯ: ಹೀಗೆ ಬಂದಿದೆ, ಹೀಗೆ ಇರಬೇಕಿತ್ತು. ನಾಲ್ಕು ಪುಟದ ಕೋಪ ಕಸದಬುಟ್ಟಿಗೆ. ದೇವಸ್ಥಾನದ ಸಮಿತಿಗೂ ಒಂದು ಪ್ರತಿ ಹೋಗಲಿ, ತಡಮಾಡಿದರೆ ತಪ್ಪು ಇಸವಿ ಗ್ರಾನೈಟ್ ಫಲಕದಲ್ಲಿ ಕೂತಿರುತ್ತದೆ.