ನಾನು ಈಗ ಏನು ಹೇಳಿದೆ?

"ಒಂದು ನಿಮಿಷ. ನಾನು ಈಗ ಏನು ಹೇಳಿದೆ?"

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕುಳಿತಿದೆ. ಕೇಳಿದವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆನೇನೋ.

ಪ್ರೀ-ಸೇಲ್ಸ್ ಹುದ್ದೆಯ, ಅಂದರೆ ಮಾರಾಟಕ್ಕೆ ಮುಂಚೆ ಗ್ರಾಹಕರಿಗೆ ತಂತ್ರಾಂಶ ತೋರಿಸಿ ವಿವರಿಸುವ ಕೆಲಸದ, ಸಂದರ್ಶನದ ಕೊನೆಯ ಸುತ್ತು ಅದು. ವರದಿ, ಡ್ಯಾಶ್‌ಬೋರ್ಡ್ ಮಾಡಿಕೊಡುವ ತಂತ್ರಾಂಶವೊಂದನ್ನು ಇಪ್ಪತ್ತು ನಿಮಿಷಗಳಲ್ಲಿ ತೋರಿಸಬೇಕಿತ್ತು. ಸಂದರ್ಶಕಿ ಒಂದು ಕಂಪನಿಯ ಹಣಕಾಸು ಮುಖ್ಯಸ್ಥೆಯ ಪಾತ್ರದಲ್ಲಿದ್ದರು. ಡೆಮೊ ಅರ್ಧಕ್ಕೆ ಬಂದಾಗ ಅವರು, "ನಮ್ಮಲ್ಲಿ ತಿಂಗಳ ಕೊನೆಯ ವರದಿ ಕೈಸೇರುವುದಕ್ಕೆ ಐದು ದಿನ ಹಿಡಿಯುತ್ತದೆ. ಬಂದ ಮೇಲೂ ಎರಡು ವಿಭಾಗಗಳ ಅಂಕಿ ತಾಳೆಯಾಗುವುದಿಲ್ಲ" ಎಂದರು. ನಾನು "ಹೌದು, ಖಂಡಿತ" ಎಂದು ತಲೆಯಾಡಿಸಿ, ಚಾರ್ಟಿನ ಬಣ್ಣ ಬದಲಿಸುವುದು ಹೇಗೆಂದು ತೋರಿಸತೊಡಗಿದೆ. ಆಗ ಬಂತು ಆ ಪ್ರಶ್ನೆ.

ನನಗೆ ನೆನಪಾಗಲಿಲ್ಲ. ಅರ್ಧ ನಿಮಿಷದ ಹಿಂದೆ ಆಡಿದ ಮಾತು! "ವರದಿಯ ಬಗ್ಗೆ..." ಎಂದು ಶುರು ಮಾಡಿ ನಿಂತೆ. ಪರದೆಯ ಮೇಲೆ ಮೌಸಿನ ಬಾಣ ಬಣ್ಣಗಳ ಪಟ್ಟಿಯಲ್ಲಿ ಒಂದು ಹಸಿರು ಚೌಕದ ಮೇಲೆ ನಿಂತಿತ್ತು. ಈಗ ಆ ಹಸಿರನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲೆ. ಅವರು ತಮ್ಮ ಮಾತನ್ನು ಮತ್ತೆ ಹೇಳಲಿಲ್ಲ. "ಸರಿ, ಮುಂದುವರಿಸಿ" ಎಂದರು. ಉಳಿದ ಹತ್ತು ನಿಮಿಷ ನಾನು ಏನು ತೋರಿಸಿದೆನೋ ದೇವರೇ ಬಲ್ಲ.

ಎರಡು ದಿನಗಳ ಬಳಿಕ ಆಯ್ಕೆಯಾಗಿಲ್ಲ ಎಂದು ಎರಡು ಸಾಲಿನ ಇಮೇಲ್ ಬಂತು. ಕಾರಣ ಬರೆದಿರಲಿಲ್ಲ. ನನಗೆ ಕಾರಣ ಗೊತ್ತಿತ್ತು, ಆದರೆ ಗೊತ್ತಿಲ್ಲದೆ ಕೊರಗುವವರು ಎಷ್ಟೋ ಜನ ಇದ್ದಾರೆ. ನಾಲ್ಕು ಸುತ್ತು ಓಡಾಡಿಸಿದ ಮೇಲೆ ಒಂದು ಸಾಲು ಹೆಚ್ಚಿಗೆ ಬರೆಯುವುದು ಯಾವ ಕಂಪನಿಗೂ ಭಾರವಾಗಬಾರದು.

ಮೂರು ತಿಂಗಳಿಂದ ನಾನು ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇನೆ: ಒಂದು ಡೇಟಾ ಅನಲಿಟಿಕ್ಸ್ (ಅಂಕಿಅಂಶಗಳ ವಿಶ್ಲೇಷಣೆ), ಇನ್ನೊಂದು ಪ್ರೀ-ಸೇಲ್ಸ್. ಈ ಕ್ಷೇತ್ರದಲ್ಲಿ ಹಳಬರಾದ ಪರಿಚಿತರೊಬ್ಬರು "ನೂರು ಪ್ರಶ್ನೆ ಬಾಯಿಪಾಠ ಮಾಡು, ಸಾಕು" ಎಂದಿದ್ದರು. ಒಳ್ಳೆಯವರು, ನನ್ನ ರೆಸ್ಯೂಮೆಯನ್ನು ಕುಳಿತು ತಿದ್ದಿಕೊಟ್ಟವರು. ಆದರೂ ಅವರ ಆ ಸಲಹೆ ನನಗೆ ಕೆಡುಕನ್ನೇ ಮಾಡಿತು ಎಂದು ಈಗ ಅನ್ನಿಸುತ್ತದೆ. ನೂರಲ್ಲ, ನೂರಾ ನಲವತ್ತು ಪ್ರಶ್ನೆಗಳನ್ನು ಉತ್ತರಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅದರಲ್ಲಿ ನಿಜವಾಗಿ ಕಲಿತದ್ದೂ ಇದೆ, ಇಲ್ಲವೆನ್ನಲಾರೆ. ದತ್ತಾಂಶಕೋಶದಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್‌ನ ಲೆಫ್ಟ್ ಜಾಯಿನ್ (ಮೊದಲ ಪಟ್ಟಿಯ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಎರಡನೆಯದನ್ನು ಜೋಡಿಸುವುದು) ಅರ್ಥವಾದ ಸಂಜೆ ಚೆನ್ನಾಗಿ ನೆನಪಿದೆ. ಹತ್ತು ಗ್ರಾಹಕರ ಒಂದು ಪಟ್ಟಿ, ಅವರಲ್ಲಿ ಏಳು ಜನರ ಆರ್ಡರುಗಳ ಇನ್ನೊಂದು ಪಟ್ಟಿ, ಎರಡನ್ನೂ ಕೈಯಾರೆ ತುಂಬಿ ಜೋಡಿಸಿದೆ. ಏನನ್ನೂ ಕೊಳ್ಳದ ಮೂವರೂ ಪಟ್ಟಿಯಲ್ಲಿದ್ದರು, ಆರ್ಡರಿನ ಜಾಗದಲ್ಲಿ ನಲ್, ಅಂದರೆ ಖಾಲಿ, ಎಂದಿತ್ತು. ಈ ವರ್ಷದ ಆರ್ಡರು ಮಾತ್ರ ಬರಲೆಂದು, ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ದಿನಾಂಕದ ಷರತ್ತು ಹಾಕಿದ್ದೇ ತಡ, ಮೂವರೂ ಮಾಯ. ನಲ್ ಯಾವ ದಿನಾಂಕದ ಜೊತೆಗೂ ಹೋಲಿಕೆಗೆ ನಿಲ್ಲುವುದಿಲ್ಲ, ಹಾಗಾಗಿ ಆ ಸಾಲುಗಳೇ ಬಿದ್ದುಹೋಗುತ್ತವೆ. ಷರತ್ತನ್ನು, ಪಟ್ಟಿಗಳನ್ನು ಹೇಗೆ ಜೋಡಿಸಬೇಕೆಂದು ಹೇಳುವ ಆನ್ ಭಾಗಕ್ಕೆ ಸರಿಸಿದೆ, ಮೂವರೂ ಮರಳಿ ಬಂದರು. ಯಾವ ತಪ್ಪಿನ ಸೂಚನೆಯೂ ಇಲ್ಲದೆ ಮೂರು ಜನ ಲೆಕ್ಕದಿಂದ ಆಚೆ ಹೋಗಬಹುದು ಎನ್ನುವುದು ನನ್ನನ್ನು ಬಹಳ ಹೊತ್ತು ಕಾಡಿತ್ತು.

ಇಷ್ಟೆಲ್ಲ ತಿಳಿದೂ ಕಳೆದ ತಿಂಗಳು ಒಂದು ಅನಲಿಟಿಕ್ಸ್ ಸಂದರ್ಶನದಲ್ಲಿ ಎಡವಿದ್ದೆ. "ಕಳೆದ ತಿಂಗಳ ಸಕ್ರಿಯ ಗ್ರಾಹಕರ ಸಂಖ್ಯೆ ಕೊಡಿ" ಎಂದರು. ನಾಲ್ಕೇ ನಿಮಿಷದಲ್ಲಿ ಕ್ವೆರಿ (ಆ ಮಾಹಿತಿ ತೆಗೆಯುವ ಆದೇಶ) ಬರೆದು ತೋರಿಸಿದೆ. ಅವರು ಅದನ್ನು ಓದಲೂ ಇಲ್ಲ. "ಸಕ್ರಿಯ ಎಂದರೆ ಯಾರು? ಲಾಗಿನ್ ಆದವರೇ, ಹಣ ಕೊಟ್ಟವರೇ?" ಎಂದು ಕೇಳಿದರು. ಬೇಕೆಂದೇ ಸಿಕ್ಕಿಹಾಕಿಸಿದರು ಎಂದು ಅವತ್ತು ಅವರ ಮೇಲೆ ಕೋಪ ಬಂದಿತ್ತು. ಆ ಕೋಪ ಅನ್ಯಾಯದ್ದು. ಆ ಪ್ರಶ್ನೆಯನ್ನು ಅವರಿಗೆ ನಾನು ಕೇಳಬೇಕಿತ್ತು.

ಅದೇ ಸಂದರ್ಶನದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕತೆಯನ್ನೂ ಒಪ್ಪಿಸಿದ್ದೆ. 1973ರ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ 44, ಹೆಂಗಸರಲ್ಲಿ ಸುಮಾರು ಶೇ 35 ಮಂದಿಗೆ ಸೀಟು ಸಿಕ್ಕಿತ್ತು. ಮೇಲ್ನೋಟಕ್ಕೆ ಎದ್ದು ಕಾಣುವ ತಾರತಮ್ಯ. ಆದರೆ ವಿಭಾಗವಾರು ನೋಡಿದಾಗ ಹೆಂಗಸರ ವಿರುದ್ಧದ ಆ ಅಂತರ ನಿಲ್ಲಲಿಲ್ಲ. ಸೀಟು ಸಿಗುವುದೇ ಕಷ್ಟವಿದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಸವಿ, ಶೇಕಡಾವಾರು ಎಲ್ಲವನ್ನೂ ತಪ್ಪಿಲ್ಲದೆ ಹೇಳಿದೆ. ಆ ಕತೆಯ ಜೀವ ಇರುವುದು "ಯಾವ ವಿಭಾಗಕ್ಕೆ?" ಎಂದು ಯಾರೋ ತಡೆದು ಕೇಳಿದ್ದರಲ್ಲಿ ಎಂದು ಹೊಳೆಯಲೇ ಇಲ್ಲ.

ಸಂದರ್ಶನಗಳ ರೀತಿಯದೂ ಇದರಲ್ಲಿ ಪಾಲಿದೆ. ಮೊದಲ ಸುತ್ತುಗಳಲ್ಲಿ ಗಡಿಯಾರ ಓಡಿಸಿ, ತಡವರಿಸಿದವರನ್ನು ಕೈಬಿಟ್ಟು, ಕೊನೆಯ ಸುತ್ತಿನಲ್ಲಿ ನಿಧಾನವಾಗಿ ಆಲಿಸುವ ಮನುಷ್ಯ ಬೇಕೆಂದರೆ ಅವನು ಎಲ್ಲಿಂದ ಬರಬೇಕು? ಆದರೆ ಮಂಗಳವಾರದ ಆ ಸಂದರ್ಶಕಿಯ ಮೇಲೆ ಈ ದೂರಿಲ್ಲ. ಅವರು ತಮ್ಮ ಕಷ್ಟವನ್ನು ನನ್ನ ಕೈಗೇ ಇಟ್ಟಿದ್ದರು. ನಾನು ಅಲ್ಲೇ ಡೆಮೊ ನಿಲ್ಲಿಸಿ, "ಯಾವ ಎರಡು ವಿಭಾಗ? ಐದು ದಿನದಲ್ಲಿ ಹೆಚ್ಚು ಹೊತ್ತು ಎಲ್ಲಿ ಹೋಗುತ್ತದೆ?" ಎಂದು ಕೇಳಿದ್ದರೆ ಆ ಇಪ್ಪತ್ತು ನಿಮಿಷ ಬೇರೆಯೇ ಆಗುತ್ತಿತ್ತು. ಬೇರೊಬ್ಬರ ತೊಡಕನ್ನು ತಿಳಿದುಕೊಂಡು, ಅದಕ್ಕೆ ತಕ್ಕದ್ದನ್ನು ಮಾತ್ರ ತೋರಿಸುವುದು ತಾನೇ ಪ್ರೀ-ಸೇಲ್ಸ್ ಕೆಲಸ?

ನಿನ್ನೆ ರಾತ್ರಿ ಅಕ್ಕನಿಗೆ ಎಲ್ಲ ಹೇಳಿದೆ. ಅಕ್ಕ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಸಂದರ್ಶನದ ಹಿಂದಿನ ದಿನ ಮೂರು ಬಾರಿ ಗ್ರಾಹಕಿಯಾಗಿ ಎದುರು ಕುಳಿತು ನನ್ನ ಅಭ್ಯಾಸಕ್ಕೆ ನೆರವಾದವಳು. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋಮವಾರ ನಾನೂ ಇಂಥದ್ದೇ ಹೇಳಿದ್ದೆ, ನೆನಪಿದೆಯಾ? ತಿಂಗಳ ಕೊನೆಯಲ್ಲಿ ನನಗೆ ನಿದ್ದೆಯೇ ಇರುವುದಿಲ್ಲ ಅಂತ. ನೀನು ಹೂಂ ಅಂದು ಮುಂದಿನ ಪುಟಕ್ಕೆ ಹೋದೆ" ಎಂದಳು.

ನೆನಪಿರಲಿಲ್ಲ. ವರ್ಷಗಳಿಂದ ಅವಳು ತಿಂಗಳ ಕೊನೆಯಲ್ಲಿ ತಡವಾಗಿ ಮನೆಗೆ ಬರುವುದನ್ನು ನೋಡುತ್ತಿದ್ದೇನೆ, ಏಕೆಂದು ಒಮ್ಮೆಯೂ ಕೇಳಿಲ್ಲ.

ಲ್ಯಾಪ್‌ಟಾಪ್ ಮುಚ್ಚಿಟ್ಟು ಕೇಳಿದೆ. ಶಾಖೆಗಳಿಂದ ಕಡತಗಳು ಬರುವುದಕ್ಕೇ ಎರಡು ದಿನ. ಎಲ್ಲದರಲ್ಲೂ 'ದಿನಾಂಕ' ಎಂಬ ಕಾಲಂ ಇರುತ್ತದಂತೆ, ಆದರೆ ಒಂದು ಶಾಖೆ ಅಲ್ಲಿ ಬಿಲ್ ಮಾಡಿದ ದಿನ ಹಾಕುತ್ತದೆ, ಇನ್ನೊಂದು ಹಣ ಬಂದ ದಿನ. ತಿಂಗಳ ಕೊನೆಯ ವಾರದ ಬಿಲ್ಲುಗಳು ಒಂದು ಕಡೆ ಈ ತಿಂಗಳಿಗೆ, ಇನ್ನೊಂದು ಕಡೆ ಮುಂದಿನ ತಿಂಗಳಿಗೆ ಬೀಳುತ್ತವೆ. ಅವಳು ಒಂದೊಂದನ್ನೂ ಫೋನ್ ಮಾಡಿ ವಿಚಾರಿಸಿ ಸರಿಪಡಿಸುತ್ತಾಳೆ. ಹೇಳುತ್ತಾ ಹೇಳುತ್ತಾ ಅವಳ ದನಿ ಏರಿತು. ಇದನ್ನು ಕೇಳುವವರು ಅವಳಿಗೆ ಯಾರೂ ಸಿಕ್ಕಿರಲಿಲ್ಲವೇನೋ.

"ಇದಕ್ಕೆ ನಿನ್ನ ತಂತ್ರಾಂಶದಲ್ಲಿ ಏನಾದರೂ ಇದೆಯಾ?" ಎಂದು ಕೇಳಿದಳು.

"ಗೊತ್ತಿಲ್ಲ ಅಕ್ಕಾ. ಆ ಎರಡನೆಯ ಶಾಖೆಯ ಕಡತ ಹೇಗಿರುತ್ತದೆ, ಬರೆದು ತೋರಿಸು" ಎಂದು ನೋಟ್‌ಬುಕ್ಕನ್ನೂ ಪೆನ್ನನ್ನೂ ಅವಳ ಕಡೆ ಸರಿಸಿದೆ.