ನೈಟ್ ಪದದ ಮೊದಲಿಗೆ ‘ಕೆ’ ಏಕಿದೆ?

ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳಿಸಿಕೊಳ್ಳಲು ನನ್ನ ಬಳಿಗೆ ಬರುತ್ತಾಳೆ. ಕಳೆದ ವಾರ ಅವಳು ತಂದ ಉಕ್ತಲೇಖನದ ಪುಸ್ತಕದಲ್ಲಿ ‘ನೈಟ್’ ಎಂಬ ಪದದ ಮೇಲೆ ಕೆಂಪು ಗೆರೆ ಬಿದ್ದಿತ್ತು. ಕುದುರೆ ಏರಿದ ವೀರಯೋಧ ಎಂಬ ಅರ್ಥದ ಆ ಪದವನ್ನು ಅವಳು ಎನ್, ಐ, ಟಿ, ಇ ಎಂದು ನಾಲ್ಕೇ ಅಕ್ಷರಗಳಲ್ಲಿ ಮುಗಿಸಿದ್ದಳು. ಬರೆಯಬೇಕಾಗಿದ್ದದ್ದು ಆರು: ಕೆ, ಎನ್, ಐ, ಜಿ, ಎಚ್, ಟಿ. “ಓದುವಾಗ ಇಲ್ಲದ ಅಕ್ಷರವನ್ನು ಬರೆಯುವಾಗ ಮಾತ್ರ ಏಕೆ ಬರೆಯಬೇಕು?” ಎಂದು ಅವಳು ಕೇಳಿದಳು. ಅವಳ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳಿದ್ದೆ. “ಇಂಗ್ಲಿಷ್ ಇರುವುದೇ ಹಾಗೆ, ಬಾಯಿಪಾಠ ಮಾಡು” ಎಂಬ ಉತ್ತರ ಸಿಕ್ಕಿತ್ತು. ಆ ಉತ್ತರ ಅಂದು ನನ್ನನ್ನು ಎಷ್ಟು ಕುಗ್ಗಿಸಿತ್ತೆಂಬುದು ಇಂದಿಗೂ ನೆನಪಿದೆ. ಕಾರಣವಿಲ್ಲದ ನಿಯಮಗಳ ಗುಡ್ಡೆಯೊಂದನ್ನು ತಲೆಯ ಮೇಲೆ ಹೊರಿಸಿದಂತಾಗಿತ್ತು. ಆದರೆ ಕಾರಣ ಇದೆ, ಅದನ್ನು ಏಳನೆಯ ತರಗತಿಯ ಮಗುವಿಗೂ ಹೇಳಬಹುದು. ಅಂದು ಸಂಜೆ ನಾನು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸಾವಿರ ವರ್ಷಗಳ ಹಿಂದೆ ಆ ಪದದ ಎಲ್ಲ ವ್ಯಂಜನಗಳನ್ನೂ ಇಂಗ್ಲೆಂಡಿನ ಜನ ಬಾಯಿ ತುಂಬ ನುಡಿಯುತ್ತಿದ್ದರು. ಅದು ಹೆಚ್ಚುಕಡಿಮೆ ‘ಕ್ನಿಹ್ಟ್’ ಎಂದು ಕೇಳಿಸುತ್ತಿತ್ತು. ನಡುವಿನ ಧ್ವನಿ ನಮ್ಮ ವಿಸರ್ಗವನ್ನು ಇನ್ನೂ ಸ್ವಲ್ಪ ಒತ್ತಿ, ಉಸಿರನ್ನು ಗಂಟಲಿಗೆ ಉಜ್ಜಿ ನುಡಿದಂತೆ. ಅದನ್ನೇ ಮುಂದೆ ಜಿ ಮತ್ತು ಎಚ್ ಸೇರಿಸಿ ಬರೆಯತೊಡಗಿದರು. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ಈ ಎರಡು ಧ್ವನಿಗಳೂ ಇಂದಿಗೂ ಜೀವಂತವಾಗಿವೆ: ಮೊಣಕಾಲಿಗೆ ಜರ್ಮನ್ನರು ‘ಕ್ನೀ’ ಎನ್ನುತ್ತಾರೆ, ರಾತ್ರಿಗೆ ‘ನಾಖ್ಟ್’ ಎನ್ನುತ್ತಾರೆ. ಇಂಗ್ಲಿಷರ ನಾಲಿಗೆ ಮಾತ್ರ ಮೊದಲು ಗಂಟಲಿನ ಉಸಿರನ್ನು ಸಡಿಲಿಸಿತು, 17ನೆಯ ಶತಮಾನದಲ್ಲಿ ‘ಕ್ನ’ದ ಮುಂದಿನ ‘ಕ್’ ಅನ್ನೂ ಕೈಬಿಟ್ಟಿತು. ಅರ್ಥವೂ ಇದ್ದಲ್ಲಿ ಇರಲಿಲ್ಲ. ಮೊದಲು ‘ಕ್ನಿಹ್ಟ್’ ಎಂದರೆ ಬರಿಯ ಹುಡುಗ, ಆಮೇಲೆ ಮನೆಯಾಳು, ಆಮೇಲೆ ಒಡೆಯನ ಬೆನ್ನಿಗೆ ನಿಂತು ಕಾದುವ ಯೋಧ, ಕೊನೆಗೆ ದೊರೆ ಕೊಡುವ ಬಿರುದು. ನಮ್ಮ ವಿಶ್ವೇಶ್ವರಯ್ಯನವರ ಹೆಸರಿನ ಹಿಂದೆ 1915ರಲ್ಲಿ ‘ಸರ್’ ಬಂದು ಸೇರಿದ್ದು ಈ ಪದವಿಯಿಂದಲೇ.

ನಾಲಿಗೆ ಹೀಗೆ ಜಾರುವುದನ್ನು ಸೋಮಾರಿತನ ಎಂದು ಕರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಕನ್ನಡಿಗರಾದ ನಾವು ಮಾಡಿದ್ದೂ ಅದನ್ನೇ. ಪಂಪನ ಕಾಲದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ‘ಪುಲಿ’ ಹುಲಿಯಾಯಿತು, ‘ಪೋಗು’ ಹೋಗು ಆಯಿತು. 10ನೆಯ ಶತಮಾನದ ಆಸುಪಾಸಿನಲ್ಲಿ ಮೊದಲಾದ ಈ ಬದಲಾವಣೆ ತಲೆಮಾರಿನಿಂದ ತಲೆಮಾರಿಗೆ ಹಬ್ಬುತ್ತ 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಮುಗಿದಿತ್ತು. ತಮಿಳರು ಇಂದಿಗೂ ಪಾಲನ್ನೇ ಕುಡಿಯುತ್ತಾರೆ. ತುಟಿಗಳೆರಡನ್ನೂ ಪೂರ್ತಿ ಮುಚ್ಚಿ ತೆರೆಯುವ ಬದಲು ಉಸಿರನ್ನು ಹಾಗೆಯೇ ಬಿಟ್ಟರೂ ಕೇಳುವವನಿಗೆ ಅರ್ಥವಾಗುತ್ತದೆ ಎಂದಾದ ಮೇಲೆ ಬಾಯಿ ಆ ದಾರಿಯನ್ನು ಹಿಡಿಯಿತು. ಇಂಗ್ಲಿಷ್ ಹುಟ್ಟುವುದಕ್ಕೆ ಎಷ್ಟೋ ಮೊದಲು ಅದರ ಪೂರ್ವಜ ಭಾಷೆಯಲ್ಲಿಯೂ ‘ಪ’ಕಾರ ಹೀಗೆಯೇ ಸಡಿಲಗೊಂಡು ‘ಫ’ ಆಗಿತ್ತು. ಸಂಸ್ಕೃತದ ಪಿತೃ, ಪಾದ, ಪಂಚ ಎಂಬ ಪದಗಳ ಎದುರಿಗೆ ಫಾದರ್, ಫುಟ್, ಫೈವ್ ಎಂಬವುಗಳನ್ನು ಇಟ್ಟು ನೋಡಿದರೆ ಸಾಕು, ಈ ಮೂರೂ ಜೋಡಿಗಳು ಒಂದೇ ಬೇರಿನ ಚಿಗುರುಗಳೆಂಬುದು ಕಣ್ಣಿಗೇ ಕಾಣುತ್ತದೆ.

ಒಂದು ವ್ಯತ್ಯಾಸವಿದೆ. ನುಡಿ ಬದಲಾದಾಗ ನಾವು ಬರಹವನ್ನೂ ಬದಲಾಯಿಸಿಕೊಂಡೆವು. ‘ಹಾಲು’ ಎಂದು ನುಡಿದು ‘ಪಾಲ್’ ಎಂದು ಬರೆಯಿರಿ ಎಂದು ಯಾರೂ ಮಕ್ಕಳನ್ನು ಪೀಡಿಸಲಿಲ್ಲ. ‘ೞ’ ಮತ್ತು ‘ಱ’ ಎಂಬ ಅಕ್ಷರಗಳು ಬಾಯಿಂದ ಮರೆಯಾದ ಮೇಲೆ ವರ್ಣಮಾಲೆಯಿಂದಲೂ ಹೊರಟುಹೋದವು. ಇಂಗ್ಲಿಷಿನಲ್ಲಿ ಹಾಗಾಗದಿರುವುದಕ್ಕೆ ಮುಖ್ಯ ಕಾರಣ ಮುದ್ರಣಯಂತ್ರ ಬಂದ ಹೊತ್ತು, ಮತ್ತು ಇಲ್ಲಿ ನಾನು ಮೊಟ್ಟೆಯ ಕಥೆಯನ್ನು ಹೇಳಲೇಬೇಕು.

ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ತೆರೆದವನು. 1490ರಲ್ಲಿ ಅಚ್ಚು ಹಾಕಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಅವನು ಒಂದು ಪ್ರಸಂಗವನ್ನು ಬರೆದಿದ್ದಾನೆ. ಥೇಮ್ಸ್ ನದಿಯಿಂದ ಹೊರಟು ಇಂದಿನ ನೆದರ್ಲೆಂಡ್ಸಿನ ಜೀಲೆಂಡಿಗೆ ಹೋಗಬೇಕಿದ್ದ ಕೆಲವು ವರ್ತಕರ ಹಡಗು ಗಾಳಿಯಿಲ್ಲದೆ ನಿಂತುಬಿಟ್ಟಿತು. ಅವರು ದಡಕ್ಕಿಳಿದು ಒಂದು ಮನೆಯ ಬಾಗಿಲಲ್ಲಿ ತಿನ್ನಲು ಏನಾದರೂ ಕೊಡಿ ಎಂದು ಕೇಳಿದರು. ಅವರಲ್ಲೊಬ್ಬ ವಿಶೇಷವಾಗಿ ‘ಎಗ್ಸ್’ ಬೇಕೆಂದ. ಮನೆಯಾಕೆ ನನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಆ ವರ್ತಕನಿಗೆ ಸಿಟ್ಟೇ ಬಂತು, ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಆಗ ಇನ್ನೊಬ್ಬ ‘ಐರೆನ್’ ಬೇಕಂತೆ ಎಂದ. ಆಗ ಆಕೆಗೆ ಅರ್ಥವಾಯಿತು. ಇಬ್ಬರು ಇಂಗ್ಲಿಷರು ತಮ್ಮದೇ ನಾಡಿನಲ್ಲಿ ಮೊಟ್ಟೆಗಾಗಿ ತಡವರಿಸಬೇಕಾದ ಈ ಕಾಲದಲ್ಲಿ ನಾನು ಯಾವ ಪದವನ್ನು ಬರೆಯಲಿ, ಎಗ್ಸ್ ಎಂದೇ, ಐರೆನ್ ಎಂದೇ, ಎಂಬುದು ಕ್ಯಾಕ್ಸ್‌ಟನ್ನನ ಕೊರಗು. ಒಂದು ಭಾಷೆ ಬದಲಾಗುತ್ತಿರುವ ಗಳಿಗೆಯಲ್ಲಿಯೇ ಅದನ್ನು ಬಾಗಿಲ ಬಳಿ ನಿಂತು ಕೇಳಿಸಿಕೊಂಡಂತಾಗುವ ಇಂಥ ಬರವಣಿಗೆ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಆ ಎರಡು ಪದಗಳ ಹಿಂದೆ ಎರಡು ವಲಸೆಗಳಿವೆ. ಐರೆನ್ ಎಂಬುದು ಆಂಗ್ಲರು ಮತ್ತು ಸ್ಯಾಕ್ಸನ್ನರು ಬ್ರಿಟನ್ನಿಗೆ ತಂದ ಭಾಷೆಯದು. ಅವರ ಆಗಮನಕ್ಕೆ ಪರಂಪರೆಯಿಂದ ಹೇಳುತ್ತ ಬಂದಿರುವ ವರ್ಷ 449. ನಮ್ಮ ಹಲ್ಮಿಡಿ ಶಾಸನಕ್ಕೆ ಸಾಮಾನ್ಯವಾಗಿ ಕೊಡುವ ಕಾಲವೂ ಸುಮಾರು 450 ಎಂಬುದನ್ನು ನೆನೆದರೆ ನನಗೆ ಪ್ರತಿಸಲವೂ ರೋಮಾಂಚನವಾಗುತ್ತದೆ. ‘ಎಗ್’ ಎಂಬುದು ಅದಕ್ಕೂ ನಾಲ್ಕು ಶತಮಾನಗಳ ತರುವಾಯ ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರದು. ಮೊದಲು ಸುಲಿಗೆಗೆ ಬಂದವರು ಆಮೇಲೆ ಅಲ್ಲಿಯೇ ಹೊಲ ಉತ್ತು, ಹೆಣ್ಣು ಕೊಟ್ಟು ತಂದು, ನೆರೆಹೊರೆಯವರಾದರು. ಎರಡು ಭಾಷೆಗಳೂ ಹತ್ತಿರದ ನಂಟರಾದ್ದರಿಂದ ಪದಗಳ ಬೇರುಗಳು ಪರಸ್ಪರ ತಿಳಿಯುತ್ತಿದ್ದವು, ತೊಡಕು ಇದ್ದದ್ದು ಬಾಲಗಳಲ್ಲಿ, ಅಂದರೆ ವಿಭಕ್ತಿ ಪ್ರತ್ಯಯಗಳಲ್ಲಿ. ಮೊದಲೇ ಸವೆಯತೊಡಗಿದ್ದ ಆ ಬಾಲಗಳು ಈ ಒಡನಾಟದಲ್ಲಿ ಇನ್ನೂ ಬೇಗ ಸವೆದವೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ. ಹಾಗೆ ಪ್ರತ್ಯಯಗಳು ಉದುರಿದ ಮೇಲೆ, ಯಾರು ಯಾರನ್ನು ಹೊಡೆದರು ಎಂಬುದನ್ನು ತಿಳಿಸುವ ಹೊಣೆ ಪದಗಳ ಸ್ಥಾನದ ಮೇಲೆ ಬಿತ್ತು. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ತಲೆಮಾರುಗಳ ಒಡನಾಟದಿಂದ ವಾಕ್ಯರಚನೆಯಲ್ಲಿ ಒಂದನ್ನೊಂದು ಹೋಲುವಂತಾಗಿವೆ ಎಂದು ಭಾಷಾವಿಜ್ಞಾನಿಗಳಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದ್ದನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು. ಇಂಗ್ಲಿಷರು ‘ಅವರು’ ಎಂಬರ್ಥದ ‘ದೇ’ ಎಂಬ ಸರ್ವನಾಮವನ್ನೂ ವೈಕಿಂಗರಿಂದಲೇ ಪಡೆದರು. ಸಂಸ್ಕೃತದಿಂದ ಸಾವಿರಾರು ಪದಗಳನ್ನು ತಂದ ಕನ್ನಡವೂ ನಾನು, ನೀನು, ಅವರು ಎಂಬವುಗಳನ್ನು ಮಾತ್ರ ತನ್ನದೇ ಆಗಿ ಉಳಿಸಿಕೊಂಡಿದೆ. ಸರ್ವನಾಮವನ್ನೇ ಸಾಲ ಪಡೆಯಬೇಕಾದರೆ ಆ ಒಡನಾಟ ಅಡಿಗೆಮನೆಯವರೆಗೂ ಹೋಗಿರಬೇಕು.

1066ರಲ್ಲಿ ಫ್ರಾನ್ಸಿನ ಉತ್ತರ ತೀರದಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು ಫ್ರೆಂಚನ್ನು ಆಸ್ಥಾನದ ಭಾಷೆಯಾಗಿಸಿದ್ದು, ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂಬ ಕಾನೂನು 1362ರಲ್ಲಿ ಬಂದದ್ದು, ಆ ಕಾನೂನೂ ಫ್ರೆಂಚಿನಲ್ಲಿಯೇ ಬರೆಯಲ್ಪಟ್ಟದ್ದು, ಇವೆಲ್ಲ ಹೆಚ್ಚು ಪರಿಚಿತವಾದ ಸಂಗತಿಗಳು.

ಕ್ಯಾಕ್ಸ್‌ಟನ್ ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿಯೇ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಒಂದರ ಹಿಂದೆ ಒಂದು ಜಾಗ ಬದಲಿಸತೊಡಗಿದ್ದವು. ‘ನಾಮ’ ಎಂಬಂತೆ ಕೇಳಿಸುತ್ತಿದ್ದ ಪದ ‘ನೇಮ್’ ಆಯಿತು, ‘ಹೂಸ್’ ಇದ್ದದ್ದು ‘ಹೌಸ್’ ಆಯಿತು, ‘ಮೋನ್’ ಇದ್ದದ್ದು ‘ಮೂನ್’ ಆಯಿತು. ಸುಮಾರು 1400ರಿಂದ 1700ರವರೆಗೆ ಈ ಪಲ್ಲಟ ನಡೆಯಿತು. ಆದರೆ ಮುದ್ರಕರು ಹಳೆಯ ನುಡಿಗೆ ಹೊಂದುವ ಕಾಗುಣಿತವನ್ನೇ ಊರೂರಿಗೆ ಹಂಚಿಬಿಟ್ಟರು. ಮಾತು ಮುಂದೆ ನಡೆಯಿತು, ಬರಹ ಹಿಂದೆ ಉಳಿಯಿತು. ಇದರ ಮೇಲೆ ಪಂಡಿತರ ಉಪಕಾರ ಬೇರೆ. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಅದನ್ನು ತಂದು ತುರುಕಿದರು. ಯಾರೂ ಎಂದೂ ನುಡಿಯದ ಆ ‘ಬಿ’ಗಾಗಿ ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಬದಲಾವಣೆಗೆ ಬಾಯಿಯಷ್ಟೇ ಕಾರಣವಲ್ಲ, ಮರ್ಯಾದೆಯೂ ಕಾರಣ. ಇಂಗ್ಲಿಷಿನಲ್ಲಿ ಎಲ್ಲರಿಗೂ ಏಕವಚನವೇ, ಹಿರಿಯರಿಗೆ ಗೌರವವೇ ಇಲ್ಲ ಎಂದು ನಮ್ಮಲ್ಲಿ ಹೇಳುವುದನ್ನು ನೀವು ಕೇಳಿರಬಹುದು. ನಡೆದದ್ದು ಅದಕ್ಕೆ ತದ್ವಿರುದ್ಧ. ಹಿಂದಿನ ಇಂಗ್ಲಿಷಿನಲ್ಲಿ ‘ದೌ’ ಎಂದರೆ ನೀನು, ‘ಯು’ ಎಂದರೆ ನೀವು. ನಮ್ಮಲ್ಲಿರುವಂತೆಯೇ ಬಹುವಚನ ಅಲ್ಲಿಯೂ ಗೌರವದ ಮಾತಾಯಿತು. ಯಾರಿಗೆ ಯಾವುದನ್ನು ಬಳಸಬೇಕೆಂಬ ಅಳುಕು ಹೆಚ್ಚುತ್ತ, ಎಲ್ಲರಿಗೂ ನೀವೆಂದರೆ ತಪ್ಪಾಗದು ಎಂಬಲ್ಲಿಗೆ ಬಂದು, ಕೊನೆಗೆ ‘ನೀನು’ ಎಂಬುದೇ ಅಳಿಸಿಹೋಯಿತು. 1603ರಲ್ಲಿ ವಾಲ್ಟರ್ ರಾಲೆಯ ಮೇಲಿನ ರಾಜದ್ರೋಹದ ವಿಚಾರಣೆಯಲ್ಲಿ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಅವನನ್ನು ‘ದೌ’ ಎಂದು ಏಕವಚನದಲ್ಲಿ ಸಂಬೋಧಿಸಿ, ದ್ರೋಹಿಯಾದ ನಿನ್ನನ್ನು ಬೇಕೆಂದೇ ಹಾಗೆ ಕರೆಯುತ್ತಿದ್ದೇನೆ ಎಂದನೆಂದು ದಾಖಲೆಯಿದೆ. ಆ ಮಾತಿನ ಏಟು ಎಂಥದ್ದೆಂದು ಇಂದಿನ ಇಂಗ್ಲಿಷರಿಗಿಂತ ಕನ್ನಡಿಗರಿಗೇ ಹೆಚ್ಚು ಚೆನ್ನಾಗಿ ತಿಳಿಯುತ್ತದೆ ಎಂದು ನನ್ನ ಭಾವನೆ.

ಇನ್ನೊಂದು ಕಾರಣ ಸಾದೃಶ್ಯ, ಅಂದರೆ ಬಲ್ಲ ಮಾದರಿಯ ಮೇಲೆ ಹೊಸದನ್ನು ಎರಕ ಹೊಯ್ಯುವ ಗುಣ. ‘ಹೆಲ್ಪ್’ ಕ್ರಿಯಾಪದದ ಭೂತಕಾಲ ಒಮ್ಮೆ ‘ಹೋಲ್ಪ್’ ಎಂದಿತ್ತು. ಉಳಿದ ಪದಗಳನ್ನು ನೋಡಿ ಜನ ಅದನ್ನು ‘ಹೆಲ್ಪ್ಡ್’ ಮಾಡಿದರು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಂಬಾಲಿಸಿ, ಅವುಗಳಲ್ಲಿ 98 ಮಾತ್ರ ಇಂದಿಗೂ ಅನಿಯಮಿತವಾಗಿ ಉಳಿದಿವೆ ಎಂದು ಲೆಕ್ಕ ಹಾಕಿತು. ದಿನಬೆಳಗಾದರೆ ಬಳಕೆಯಾಗುವವು ಉಳಿದುಕೊಳ್ಳುತ್ತವೆ, ಅಪರೂಪದವು ಸಾಲಿಗೆ ಸೇರುತ್ತವೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಭೆಯೊಂದನ್ನು ‘ಪ್ರೀಪೋನ್’ ಮಾಡಲಾಗಿದೆ ಎಂದು ಪತ್ರ ಬರೆದು ಮೇಲಧಿಕಾರಿಯಿಂದ ಎಲ್ಲರೆದುರು ಬೈಸಿಕೊಂಡಿದ್ದೆ. ‘ಪೋಸ್ಟ್‌ಪೋನ್’ ಇರುವಾಗ ಅದರ ಎದುರು ಪದವೊಂದು ಬೇಕಾಯಿತು, ಭಾರತೀಯರು ಎರಕ ಹೊಯ್ದುಕೊಂಡರು. ಇಂದು ಅದು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ‘ಹೆಲ್ಪ್ಡ್’ ಎಂದು ಮೊದಲು ನುಡಿದವನನ್ನೂ ಯಾರೋ ಹೀಗೆಯೇ ತಿದ್ದಿರಬೇಕು.

ಇದನ್ನೆಲ್ಲ ತಡೆಯಬೇಕೆಂದು ಬಯಸಿದವರೂ ಇದ್ದರು. ಜೊನಾಥನ್ ಸ್ವಿಫ್ಟ್ 1712ರಲ್ಲಿ ಇಂಗ್ಲಿಷನ್ನು ತಿದ್ದಿ ಸ್ಥಿರಗೊಳಿಸಬೇಕೆಂದು ಪ್ರಸ್ತಾವವನ್ನೇ ಬರೆದ. ಸ್ಯಾಮ್ಯುಯೆಲ್ ಜಾನ್ಸನ್ ಅಂಥದೇ ಆಸೆಯಿಂದ ನಿಘಂಟಿನ ಕೆಲಸಕ್ಕೆ ಇಳಿದು, 1755ರಲ್ಲಿ ಅದು ಹೊರಬಂದಾಗ ಮುನ್ನುಡಿಯಲ್ಲಿ ಆ ಆಸೆ ಈಡೇರುವಂಥದ್ದಲ್ಲವೆಂದು ಒಪ್ಪಿಕೊಂಡ. ವರ್ಷಗಟ್ಟಲೆ ಪದಗಳ ನಡುವೆಯೇ ಬಾಳಿದವನ ಆ ಒಪ್ಪಿಗೆಗೆ ನನ್ನ ಗೌರವ ಸಲ್ಲುತ್ತದೆ.

ಹುಡುಗಿ ಮರುದಿನ ಬರುವಾಗ ‘ಕೆ’ ಮತ್ತು ‘ಎನ್’ ಜೊತೆಯಾಗಿ ಮೊದಲಾಗುವ ಪದಗಳ ಪಟ್ಟಿಯನ್ನೇ ಮಾಡಿಕೊಂಡು ಬಂದಿದ್ದಳು: ಮೊಣಕಾಲು, ಚಾಕು, ಗಂಟು, ಹೆಣೆಯುವುದು. ಕೊನೆಯಲ್ಲಿ ‘ತಿಳಿ’ ಎಂಬರ್ಥದ ‘ನೋ’ ಇತ್ತು. ಅದರ ‘ಕೆ’ ಎಲ್ಲಿಂದ ಬಂತೆಂದು ಕೇಳಿದಳು. ಅದೂ ಸಂಸ್ಕೃತದ ‘ಜ್ಞಾ’ ಧಾತುವೂ ಒಂದೇ ಬೇರಿನವು ಎಂದು ಹೇಳಿ, ಪಕ್ಕದಲ್ಲಿ ‘ಜ್ಞಾನ’ ಎಂದು ಬರೆದು ಗಟ್ಟಿಯಾಗಿ ಓದಲು ಹೇಳಿದೆ. ಅವಳು ಓದಿದಳು, ಒಂದು ಕ್ಷಣ ತಡೆದಳು, ಮತ್ತೊಮ್ಮೆ ಓದಿದಳು. ಪುಸ್ತಕದಲ್ಲಿದ್ದದ್ದು ‘ಜ’ಕಾರಕ್ಕೆ ‘ಞ’ಕಾರದ ಒತ್ತು, ಅವಳ ಬಾಯಿಂದ ಎರಡು ಸಲವೂ ಹೊರಟದ್ದು ‘ಗ್ನಾನ’.